ಗಾಜಿನ ಒಲೆ ಬಂದ ವರ್ಷ

ಬೈಯಪ್ಪನಹಳ್ಳಿಯಿಂದ ಮೆಟ್ರೊ ಓಡಲು ಶುರುವಾಗಿದ್ದ ಹೊಸತು. ಆಗೆಲ್ಲ ಭಾನುವಾರ ಬಂತೆಂದರೆ ಎಲ್ಲಿಗೂ ಹೋಗುವ ಕೆಲಸವಿಲ್ಲದವರೂ ಮಕ್ಕಳನ್ನು ಕರೆದುಕೊಂಡು ಎಂ.ಜಿ. ರಸ್ತೆಯವರೆಗೆ ಹೋಗಿ, ಕಿಟಕಿಯಿಂದ ಹಲಸೂರು ಕೆರೆ ಕಂಡಿತೋ ಇಲ್ಲವೋ ಎಂದು ವಾದ ಮಾಡುತ್ತಾ ವಾಪಸು ಬರುತ್ತಿದ್ದರು. ನಾವಿದ್ದದ್ದು ರೈಲಿನ ಡಿಪೊ ಹಿಂದಿನ ಗಲ್ಲಿಯಲ್ಲಿ. ಸಾಲಾಗಿ ಕಟ್ಟಿ ಶೀಟು ಹೊದಿಸಿದ ಬಾಡಿಗೆ ಕೋಣೆಗಳು, ಎಲ್ಲರಿಗೂ ಸೇರಿ ಒಂದೇ ನಲ್ಲಿ. ಅಲ್ಲಿದ್ದವರು ಹೆಚ್ಚುಕಡಿಮೆ ನಮ್ಮ ಕಡೆಯವರೇ. ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಕಟ್ಟಡದ ಕೆಲಸ ಹುಡುಕಿಕೊಂಡು ಬಂದವರು. ಕತ್ತಲಾಗುವ ಹೊತ್ತಿಗೆ ಗಲ್ಲಿಗೆ ಕಾಲಿಟ್ಟರೆ ಎಲ್ಲ ಕೋಣೆಗಳಿಂದಲೂ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು ನಿಂತು, ಯಾವ ಸದ್ದು ಯಾರ ಮನೆಯದೆಂದು ಹೇಳುವುದು ಮಕ್ಕಳಾದ ನಮ್ಮ ಆಟ. ತಪ್ಪು ಹೇಳಿದವರು ನಲ್ಲಿಯಿಂದ ಬಿಂದಿಗೆ ತುಂಬಿಸಿ ಕೊಡಬೇಕು. ನಮ್ಮ ಅವ್ವನ ಸದ್ದು ಸುಲಭವಾಗಿ ಸಿಕ್ಕಿಬಿಡುತ್ತಿತ್ತು. ಜೋರಾಗಿ ಬಡಿಯುತ್ತಾ ಬಂದು ಕೊನೆಗೆ ಅಂಚಿನಲ್ಲಿ ಮೆಲ್ಲಗೆ ತಟ್ಟಿ ನಿಲ್ಲಿಸುತ್ತಿದ್ದಳು.

ಆ ಕೋಣೆಯಲ್ಲಿ ಒಂದು ಮೂಲೆ ಅಡುಗೆಗೆ, ಒಂದು ಮೂಲೆ ಸ್ನಾನಕ್ಕೆ, ಉಳಿದ ಜಾಗದಲ್ಲಿ ಅಪ್ಪ, ಅವ್ವ, ನಾನು. ಅವ್ವ ಸೀಮೆಎಣ್ಣೆ ಸ್ಟೌವಿನ ಮುಂದೆ ಒಂದು ಕಾಲು ಮಡಚಿ, ಇನ್ನೊಂದು ಚಾಚಿ, ನೆಲದ ಮೇಲೆ ಕೂತು ರೊಟ್ಟಿ ಬಡಿಯುವಳು. ಊರಿಂದ ತಂದ ದಪ್ಪ ಕಬ್ಬಿಣದ ಕಾವಲಿ, ನಾವು ಹಂಚು ಅನ್ನುವುದು, ಸ್ಟೌವಿಗಿಂತ ಅಗಲವಾಗಿತ್ತು. ಅದರ ಮೇಲೆ ರೊಟ್ಟಿ ಹಾಕಿದ ಕೂಡಲೇ ಒದ್ದೆ ಬಟ್ಟೆಯಿಂದ ಮೈತುಂಬ ನೀರು ಹಚ್ಚಬೇಕು. ಹಚ್ಚದಿದ್ದರೆ ಜೋಳದ ರೊಟ್ಟಿ ಬಿರಿಯುತ್ತದೆ, ಉಬ್ಬುವುದಿಲ್ಲ. ಆ ನೀರು ಹಂಚಿಗೆ ತಾಗಿ ಚುರ್ ಎಂದಾಗ ಏಳುವ ವಾಸನೆಗೆ ನನಗೆ ಹಸಿವಿಲ್ಲದಿದ್ದರೂ ಹಸಿವಾಗುತ್ತಿತ್ತು. ಪುಂಡಿಪಲ್ಯ, ಶೇಂಗಾ ಚಟ್ನಿ, ಗುದ್ದಿದ ಉಳ್ಳಾಗಡ್ಡಿ. ಅದನ್ನು ಬರೆಯುವಾಗ ಈಗಲೂ ಬಾಯಲ್ಲಿ ನೀರೂರುತ್ತದೆ, ಏನು ಮಾಡುವುದು.

ಅಪ್ಪ ಗಾರೆ ಮೇಸ್ತ್ರಿ. ಇಂದಿರಾನಗರದ ಕಡೆ ಹಳೆ ಮನೆಗಳನ್ನು ಕೆಡವಿ ಹೊಸದಾಗಿ ಕಟ್ಟುವವರ ಬಳಿ ಅವನಿಗೆ ಕೆಲಸ ತಪ್ಪುತ್ತಿರಲಿಲ್ಲ. ಅವ್ವನೂ ಮೊದಲು ಅವನ ಜೊತೆ ಗಾರೆ ಹೊರುತ್ತಿದ್ದಳು, ನಾನು ಶಾಲೆಗೆ ಹೋಗಲು ಶುರುಮಾಡಿದ ಮೇಲೆ ಬಿಟ್ಟಳು. ಹಾಗೆ ಇಬ್ಬರೂ ದುಡಿದದ್ದರಲ್ಲಿ ಕೆ.ಆರ್. ಪುರದ ಆಚೆ ಒಂದು ಚಿಕ್ಕ ಜಾಗ ಹಿಡಿದಿದ್ದರು. ರಜೆ ಸಿಕ್ಕಾಗಲೆಲ್ಲ ಅಪ್ಪ ಅಲ್ಲಿಗೆ ಹೋಗಿ ಒಂದು ಗೋಡೆ ಎಬ್ಬಿಸಿ ಬರುತ್ತಿದ್ದ. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಎರಡು ಕೋಣೆ, ಒಂದು ಅಡುಗೆಮನೆ ಎದ್ದು ನಿಂತವು.

ಅಡುಗೆಮನೆಯ ಕಟ್ಟೆ ಕಟ್ಟುವ ದಿನ ಅಪ್ಪ ಅವ್ವನನ್ನು ಕರೆದುಕೊಂಡು ಹೋಗಿ ಗೋಡೆಗೆ ಒತ್ತಿ ನಿಲ್ಲಿಸಿದ. ಅವಳ ಸೊಂಟದ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದ.

"ಇದೇನ್ರಿ, ಅಂಗಿ ಹೊಲಿಯೋರ ಗತೆ ಅಳತಿ ತಗೋತೀರಿ?" ಎಂದಳು ಅವ್ವ ನಗುತ್ತಾ.

"ಸುಮ್ನ ನಿಂದ್ರು. ಮಂದಿ ಮನ್ಯಾಗೆಲ್ಲ ಆ ಮೇಡಂಗೋಳ್ನ ನಿಂದ್ರಿಸಿ ಅಳತಿ ತಗೊಂಡೀನಿ. ನನ್ನ ಮನ್ಯಾಗ ಬ್ಯಾಡೇನು?" ಅಂದ ಅಪ್ಪ.

ಅವನು ಕೆಲಸ ಮಾಡಿದ ಯಾವುದೋ ಮನೆಯಲ್ಲಿ ಉಳಿದಿದ್ದ ಕಪ್ಪು ಗ್ರಾನೈಟು ಆ ಕಟ್ಟೆಯ ಮೇಲೆ ಕೂತಿತು. ಅವ್ವ ಅದರ ಮೇಲೆ ಅಂಗೈ ಇಟ್ಟು ಎಷ್ಟೋ ಹೊತ್ತು ತೆಗೆಯಲಿಲ್ಲ. ಕಲ್ಲು ತಣ್ಣಗಿದೆ ಎಂದಳು. ಅವಳು ಸಂತೋಷವಾದಾಗ ಇಂಥದ್ದೇ ಏನಾದರೂ ಸಂಬಂಧವಿಲ್ಲದ ಮಾತಾಡುತ್ತಿದ್ದಳು.

ಇನ್ನು ಉಳಿದದ್ದು ಒಲೆ. ಗ್ಯಾಸು ಬರುವುದಿತ್ತು. ಸಿಲಿಂಡರಿಗಿಂತ ಒಲೆ ಎತ್ತರದಲ್ಲಿರಬೇಕು, ನೆಲದ ಮೇಲೆ ಇಡುವ ಹಾಗಿಲ್ಲ ಎಂದು ಗ್ಯಾಸಿನವರು ಹೇಳಿಹೋಗಿದ್ದರು. ಹಾಗಾಗಿ ಸೀಮೆಎಣ್ಣೆ ಸ್ಟೌವನ್ನು ನಮ್ಮ ಕೋಣೆಗೆ ಬರಲಿದ್ದ ಹಣಮಂತ ಕಾಕಾಗೆ ಕೊಡುವುದೆಂದು ಆಯಿತು. ಹಣಮಂತ ಕಾಕಾ ಅಪ್ಪನ ಜೊತೆಯೇ ಕೆಲಸ ಮಾಡುತ್ತಿದ್ದವನು, ನಮ್ಮ ಊರಿನ ಪಕ್ಕದವನು.

ಮೊದಲು ಹೋದದ್ದು ಶಿವಾಜಿನಗರಕ್ಕೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಪಾತ್ರೆ ಅಂಗಡಿಗಳು ಸಾಲಾಗಿದ್ದವು. ಒಂದು ಅಂಗಡಿಯ ಸಾಹೇಬರು, ಬಿಳಿ ಗಡ್ಡದವರು, ನಮ್ಮನ್ನು ಸ್ಟೂಲಿನ ಮೇಲೆ ಕೂರಿಸಿ ನನ್ನ ಕೈಗೆ ಒಂದು ಬಿಸ್ಕತ್ತು ಕೊಟ್ಟರು.

"ಹೊಸ ಮನೇನಾ ಅಕ್ಕಾ? ಮಾಶಾ ಅಲ್ಲಾ. ನೋಡಿ, ಇದು ಎರಡು ಬರ್ನರ್, ಪೂರಾ ಸ್ಟೀಲು. ಉಜ್ಜಿ, ತೊಳೀರಿ, ನೀರು ಸುರೀರಿ, ಏನ್ ಬೇಕಾದ್ರೂ ಮಾಡಿ. ಈ ಬೇಟಿ ಮದ್ವೆವರ್ಗೂ ಇರ್ತದೆ."

ಅವ್ವ ಒಲೆಯನ್ನು ಎತ್ತಿ ನೋಡಿದಳು, ಬಗ್ಗಿ ಕಾಲುಗಳನ್ನು ನೋಡಿದಳು. ಮೊದಲ ನೋಟಕ್ಕೇ ಅವಳಿಗೆ ಹಿಡಿಸಿಬಿಟ್ಟಿತ್ತು. ಅಪ್ಪ ಮಾತ್ರ ಮುಖ ಗಂಟು ಹಾಕಿಕೊಂಡು ನಿಂತಿದ್ದ.

"ಇದೇ ಸಾಕ್ರಿ," ಎಂದಳು ಅವ್ವ.

"ಇನ್ನೊಂದು ಕಡಿ ನೋಡಿ ಬರಮು," ಎಂದ ಅಪ್ಪ. ಸಾಹೇಬರು ಬೇಜಾರು ಮಾಡಿಕೊಳ್ಳಲಿಲ್ಲ. ನೋಡಿಕೊಂಡು ಬನ್ನಿ, ಒಲೆ ಎಲ್ಲೂ ಓಡಿಹೋಗಲ್ಲ ಎಂದು ಕಳಿಸಿಕೊಟ್ಟರು.

ಆ 'ಇನ್ನೊಂದು ಕಡೆ' ಇಂದಿರಾನಗರ. ಮುಂದಿನ ಭಾನುವಾರ ಅಪ್ಪ ಹಬ್ಬಕ್ಕೆ ಹಾಕುವ ಅಂಗಿ ಹಾಕಿಕೊಂಡ. ಉಗುರಿನ ಸಂದಿಯ ಸಿಮೆಂಟನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ತೆಗೆದ. ಮೆಟ್ರೊ ಹತ್ತಿ ಹೋದೆವು. ದೊಡ್ಡ ಗಾಜಿನ ಬಾಗಿಲಿನ ಅಂಗಡಿ, ಒಳಗೆ ಎ.ಸಿ. ಚಳಿ. ಒಂದೊಂದು ಸಾಮಾನಿಗೂ ಒಂದೊಂದು ದೀಪ. ಮೂಲೆಯಲ್ಲಿ ಒಂದು ಇಡೀ ಅಡುಗೆಮನೆಯನ್ನೇ ಜೋಡಿಸಿಟ್ಟಿದ್ದರು, ಯಾರೂ ಅಡುಗೆ ಮಾಡದ ಅಡುಗೆಮನೆ. ಅದರ ನಡುವೆ ಕಪ್ಪು ಗಾಜಿನ ಒಲೆ. ಬಗ್ಗಿ ನೋಡಿದರೆ ನನ್ನ ಮುಖ, ಎರಡು ಜಡೆ, ಹಿಂದೆ ಅವ್ವನ ಸೆರಗು ಎಲ್ಲವೂ ಅದರಲ್ಲಿ ಕಂಡವು. ನಾನಂತೂ ಅಲ್ಲೇ ಸೋತುಹೋದೆ.

"ಟಫನ್ಡ್ ಗ್ಲಾಸ್ ಸರ್," ಎಂದ ಟೈ ಕಟ್ಟಿದ್ದ ಹುಡುಗ. "ಈಗ ಎಲ್ರೂ ಇದನ್ನೇ ತಗೊಳ್ತಿರೋದು. ಒಂದ್ಸಲ ಒರೆಸಿದ್ರೆ ಕ್ಲೀನ್ ಆಗ್ಬಿಡುತ್ತೆ."

ಅವ್ವ ಅಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಇದರ ಮ್ಯಾಗ ನಮ್ಮ ಹಂಚು ಇಟ್ರ ತಡೀತದೇನ್ರಿ? ಕಬ್ಬಿಣದ್ದು, ಭಾರ ಅದ."

"ಎಂಥ ತವಾ ಬೇಕಾದ್ರೂ ಇಡಿ ಮೇಡಂ. ಭಾರಕ್ಕೆಲ್ಲ ಏನೂ ಆಗಲ್ಲ."

ಅವನು ಸುಳ್ಳು ಹೇಳಲಿಲ್ಲ, ಭಾರಕ್ಕೆ ಏನೂ ಆಗಲಿಲ್ಲ. ಆದರೆ ನೀರು ಹಚ್ಚಿ ಬೇಯಿಸುವ ರೊಟ್ಟಿಯೊಂದಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ. ಬಿಸಿ ಗಾಜಿಗೆ ತಣ್ಣೀರು ಆಗುವುದಿಲ್ಲ ಎಂಬುದು ನಮಗೆ ಗೊತ್ತಿರಲಿಲ್ಲ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದ ಕೆಲಸವನ್ನು ಯಾರು ತಾನೇ ಅಂಗಡಿಯಲ್ಲಿ ಬಿಡಿಸಿ ಹೇಳುತ್ತಾರೆ?

ಹೊರಗೆ ಬಂದು ಫುಟ್‌ಪಾತಿನ ಮರದ ಕೆಳಗೆ ನಿಂತೆವು. ಅವ್ವ ಮೆಲ್ಲಗೆ, "ಆ ಸಾಬರ ಅಂಗಡ್ಯಾಗಿನ ಸ್ಟೀಲಿಂದೇ ಛಲೋ ಅದರಿ. ನಮಗ್ಯಾಕ ಇಷ್ಟು ದೊಡ್ಡದು?" ಎಂದಳು.

ಅಪ್ಪ ಎದುರಿನ ಅಡ್ಡರಸ್ತೆಯ ಕಡೆ ಕೈ ತೋರಿಸಿದ. "ಅಲ್ಲಿ ಹಳದಿ ಮನಿ ಕಾಣ್ತದಲ್ಲ, ಅದರ ಅಡಗಿಮನಿ ನಾನೇ ಕಟ್ಟೀದು. ಅದರ ಹಿಂದಿನ ಮನೀದೂ ನಂದೇ. ಎಲ್ಲಾದ್ರಾಗೂ ಇಂಥ ಒಲಿ ಕುಂತಾವ. ನೀ ಗಾರಿ ಹೊತ್ತು ಕಟ್ಟೀದ ಮನ್ಯಾಗ ಮಂದಿ ನಿಂತು ಅಡಗಿ ಮಾಡ್ತಾರ, ನೀ ಮಾತ್ರ ನೆಲದ ಮ್ಯಾಗ ಸೀಮೆಣ್ಣಿ ಹೊಗಿ ಕುಡೀತಿ. ನನಗದು ನೋಡಕ್ಕಾಗಂಗಿಲ್ಲ." ಅಷ್ಟು ಹೇಳಿ ಆ ಕಡೆ ತಿರುಗಿ ನಿಂತ. ಅಪ್ಪನ ದನಿ ಹಾಗೆ ಒಡೆದದ್ದನ್ನು ನಾನು ಮೊದಲು ಕೇಳಿದ್ದು ಆಗ.

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, "ಆತು, ಅದೇ ತಗೊಳ್ರಿ," ಎಂದಳು. ವಾಪಸು ಬರುವಾಗ ಮೆಟ್ರೊದಲ್ಲಿ ಇಬ್ಬರೂ ಅಂಟಿಕೊಂಡೇ ಕೂತಿದ್ದರು.

ಗೃಹಪ್ರವೇಶದ ದಿನ ಗಲ್ಲಿಗೆ ಗಲ್ಲಿಯೇ ಬಂತು. ಹೊಸ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸಿದರು. ಉಕ್ಕಿದ ಹಾಲು ಗಾಜಿನ ಮೇಲೆ ಹರಿದು ಅಂಚಿಗೆ ಬಂದಾಗ ಹೆಂಗಸರೆಲ್ಲ ಹೋ ಎಂದರು. ಆರಿದ ಮೇಲೆ ಅವ್ವ ಒಂದೇ ಸಲ ಒರೆಸಿದಳು, ಕಪ್ಪು ಗಾಜು ಮತ್ತೆ ಫಳಫಳ ಅಂದಿತು. "ಏ ಇವನೌನ, ಕನ್ನಡಿ ಅದಲ್ಲೋ ಅಣ್ಣ!" ಎಂದ ಹಣಮಂತ ಕಾಕಾ. ಅಪ್ಪ ಬಂದವರನ್ನೆಲ್ಲ ಕೈಹಿಡಿದು ಅಡುಗೆಮನೆಗೆ ಕರೆದೊಯ್ದು ಒಲೆ ತೋರಿಸಿದ. ಅವನು ತನ್ನ ಕೈಯಾರೆ ಕಟ್ಟಿದ ಗೋಡೆಗಳನ್ನು ಯಾರಿಗೂ ತೋರಿಸಲಿಲ್ಲ, ಅಂಗಡಿಯಿಂದ ತಂದ ಒಲೆಯನ್ನು ಎಲ್ಲರಿಗೂ ತೋರಿಸಿದ.

ಹೊಸ ಮನೆಯಲ್ಲಿ ಅವ್ವ ನಿಂತು ರೊಟ್ಟಿ ಬಡಿಯುವುದನ್ನು ಕಲಿತಳು. ಕೂತು ಬಡಿಯುವಾಗ ಮೈಯ ಭಾರವೆಲ್ಲ ಅಂಗೈಗೆ ಇಳಿಯುತ್ತದೆ, ನಿಂತರೆ ಹೆಗಲಿಗೆ ನೋವು. ಆದರೂ ಅಪ್ಪ ಬಂದು ಬಾಗಿಲಿಗೆ ಒರಗಿ ನಿಂತು, "ಹ್ಯಾಂಗದ?" ಎಂದು ಕೇಳಿದರೆ, "ಆರಾಮದರಿ. ಮೊಣಕಾಲು ನೋವೇ ಹೋತು," ಎನ್ನುತ್ತಿದ್ದಳು. ಅಪ್ಪನಿಗೆ ಅಷ್ಟು ಸಾಕಿತ್ತು.

ಮಳೆಗಾಲ ಶುರುವಾಗಿದ್ದ ಒಂದು ಸಂಜೆ. ಅಪ್ಪ ಇನ್ನೂ ಬಂದಿರಲಿಲ್ಲ. ನಾನು ಅಡುಗೆಮನೆಯ ಹೊಸ್ತಿಲ ಹೊರಗೆ ಕೂತು ಲೆಕ್ಕ ಬಿಡಿಸುತ್ತಿದ್ದೆ. ಅವ್ವ ರೊಟ್ಟಿಗೆ ನೀರು ಹಚ್ಚಿ, ಒದ್ದೆ ಬಟ್ಟೆಯನ್ನು ಬಟ್ಟಲಿಗೆ ಅದ್ದಲು ಹೋದಳು. ಅದರಿಂದ ಒಂದು ಧಾರೆ ನೀರು ಹಂಚಿನ ಪಕ್ಕದ ಗಾಜಿನ ಮೇಲೆ ಬಿತ್ತು. ಆ ಅಗಲವಾದ ಹಂಚಿನ ಕಾವಿಗೆ ಗಾಜು ಕಾದು ಕೆಂಡವಾಗಿತ್ತು. ಪಟಾಕಿ ಸಿಡಿದಂಥ ಸದ್ದಾಯಿತು. ತಲೆ ಎತ್ತಿ ನೋಡಿದರೆ ಒಲೆಯ ಮೈ ಇರಲಿಲ್ಲ, ಕಲ್ಲುಸಕ್ಕರೆಯಷ್ಟು ಸಣ್ಣ ಚೂರುಗಳು ಕಟ್ಟೆಯ ತುಂಬ, ನೆಲದ ತುಂಬ. ಹಂಚು ವಾಲಿಕೊಂಡಿತ್ತು. ಕಲಸಿದ ಹಿಟ್ಟಿನಲ್ಲಿ, ಬುಟ್ಟಿಯಲ್ಲಿದ್ದ ರೊಟ್ಟಿಗಳ ಮೇಲೆ, ಅವ್ವನ ಕೂದಲಲ್ಲಿ ಗಾಜು.

"ಒಳಗ ಬರಬ್ಯಾಡ ರೇಣಿ!" ಎಂದು ಕೂಗಿದಳು. ಅವಳ ಮುಂಗೈಯಲ್ಲಿ ರಕ್ತ ಸಣ್ಣಗೆ ಜಿನುಗುತ್ತಿತ್ತು. ಅದನ್ನು ನೋಡಿಕೊಳ್ಳದೆ ಮೊದಲು ಗ್ಯಾಸು ಬಂದ್ ಮಾಡಿದಳು. ಆಮೇಲೆ ನಿಂತಲ್ಲೇ ನಿಂತು, "ನಿಮ್ಮಪ್ಪ ಬಂದ್ರ ಏನಂತ ಹೇಳ್ಲಿ?" ಎಂದಳು. ನನಗೆ ಕೇಳಿದ್ದಲ್ಲ. ಅವಳು ಬೈಗುಳಕ್ಕೆ ಹೆದರಿರಲಿಲ್ಲ, ಅಪ್ಪ ಬೈಯುವವನೇ ಅಲ್ಲ. ಅವನ ಮುಖ ಹೇಗಾಗುತ್ತದೋ ಎಂದು ಹೆದರಿದ್ದಳು.

ಅಪ್ಪ ಬಂದ. ಬಾಗಿಲಲ್ಲಿ ನಿಂತು ಎಲ್ಲ ನೋಡಿದ. "ಕಣ್ಣಿಗೇನೂ ಆಗಿಲ್ಲಲ?" ಎಂದು ಕೇಳಿದ. ಅವಳ ಕೈ ಹಿಡಿದು ಮುಂಗೈಗೆ ಅರಿಶಿನ ಹಚ್ಚಿದ. ಆಮೇಲೆ ಪೊರಕೆ ತೆಗೆದುಕೊಂಡು ತಾನೇ ಗುಡಿಸಿದ, ಮೂಲೆ ಮೂಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ. ಆ ದಿನ ಮೂವರೂ ಬಾಳೆಹಣ್ಣು ತಿಂದು ಮಲಗಿದೆವು.

ಮಾರನೇ ದಿನ ಅಂಗಡಿಗೆ ಹೋದಾಗ ಅವರು ತಿಳಿಸಿ ಹೇಳಿದರು: ಗಾಜು ಕಾದಿರುವಾಗ ತಣ್ಣೀರು ಬೀಳಬಾರದು, ಬರ್ನರಿಗಿಂತ ಅಷ್ಟು ಅಗಲದ ಕಬ್ಬಿಣ ಇಡಬಾರದು. ಅಪ್ಪ ಹೊಸ ಗಾಜು ಹಾಕಿಸಿಕೊಂಡು ಬಂದ, ಅವರು ಹೇಳಿದ್ದನ್ನು ಅವ್ವನಿಗೆ ಹೇಳಿದ. ಹೇಳಿ ಅವಳ ಮುಖ ನೋಡುತ್ತಾ ನಿಂತ. ಅವಳು ಏನಾದರೂ ಅನ್ನಲಿ ಎಂದು ಕಾದನೇನೋ.

"ಇನ್ನ ರೊಟ್ಟಿ ಮಾಡಂಗಿಲ್ಲ ತಗೊಳ್ರಿ," ಎಂದಳು ಅವ್ವ. "ಅನ್ನಾನೇ ಛಲೋ. ಕುಕ್ಕರಿನ್ಯಾಗ ಇಟ್ರ ಲಗೂ ಆಗ್ತದ. ನನಗೂ ಹೆಗಲು ಹಿಡೀತದ."

"ನಿನಗ ಹ್ಯಾಂಗ ಆರಾಮೋ ಹಂಗ ಮಾಡು," ಎಂದ ಅಪ್ಪ.

ಅವ್ವ ಹಂಚಿಗೆ ಎಣ್ಣೆ ಸವರಿ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟಳು. ನಾನು ಕೆಳಗಿನಿಂದ ಸ್ಟೂಲು ಹಿಡಿದುಕೊಂಡಿದ್ದೆ. ಮಕ್ಕಳಿಗೆ ಎಲ್ಲವೂ ಸುಲಭ. "ಸ್ಟೀಲಿಂದು ತಂದ್ರಾತಲ್ಲವ್ವ? ಆ ಸಾಬರ ಅಂಗಡ್ಯಾಗ ಅದಲ್ಲ," ಎಂದೆ.

"ಬಾಯಿ ಮುಚ್ಚು. ನಿಮ್ಮಪ್ಪನ ಮುಂದ ಅನ್ನಬ್ಯಾಡ," ಎಂದು ಇಳಿದು ಬಂದಳು. ಆಮೇಲೆ ಸಮಾಧಾನವಾಗಿ ಹೇಳಿದಳು: "ಎಲ್ಲಾರ ಮುಂದ ತೋರ್ಸ್ಯಾನ ಅಂವ. ಈಗ ಅದನ್ನ ತಗದು ಬ್ಯಾರೇದು ಇಡು ಅಂದ್ರ, ನೀ ಮಾಡೀದು ತಪ್ಪು ಅಂದಂಗ ಆಗ್ತದ. ಅಂವನ ಮನಸಿಗೆ ಭಾಳ ಹತ್ತತದ."

ಅಂದಿನಿಂದ ನಮ್ಮ ಮನೆಯಲ್ಲಿ ಅನ್ನ ಸಾರು, ಚಪಾತಿ. ಬದಲಾದದ್ದು ಊಟವೊಂದೇ ಆಗಿರಲಿಲ್ಲ. ರೊಟ್ಟಿ ಒಂದೊಂದಾಗಿ ಬೆಂದು ಬರುತ್ತದೆ. ಒಂದು ತಿಂದು ಇನ್ನೊಂದು ಬರುವ ತನಕ ಕಾಯಬೇಕು, ಕಾಯುವಾಗ ಮಾತು ಬರುತ್ತದೆ. ಅಪ್ಪ ಮಾಲೀಕರ ಜಿಪುಣತನದ ಕಥೆ ಹೇಳುತ್ತಿದ್ದದ್ದು, ಅವ್ವ ನಕ್ಕು ರೊಟ್ಟಿ ಸೀಯಿಸುತ್ತಿದ್ದದ್ದು, ಇಬ್ಬರೂ ಊರಿನ ನೆಂಟರನ್ನು ಆಡಿಕೊಳ್ಳುತ್ತಿದ್ದದ್ದು ಎಲ್ಲ ಆ ಹೊತ್ತಿನಲ್ಲೇ. ಅನ್ನವನ್ನು ಒಮ್ಮೆಗೆ ಬಡಿಸುತ್ತಾರೆ, ಉಣ್ಣುತ್ತೇವೆ, ಏಳುತ್ತೇವೆ. ಹಾಲ್‌ನಲ್ಲಿ ಟಿ.ವಿ. ಬಂದ ಮೇಲೆ ಅಪ್ಪ ತಟ್ಟೆ ಹಿಡಿದುಕೊಂಡು ಅದರ ಮುಂದೆ ಕೂರುವುದು ರೂಢಿಯಾಯಿತು. ಅವರಿಬ್ಬರೂ ಯಾವತ್ತೂ ಜಗಳವಾಡಿದವರಲ್ಲ. ಸುಖವಾಗಿಯೇ ಇದ್ದರು ಎಂದು ನಾನು ಅಂದುಕೊಂಡಿದ್ದೆ.

ಅಪ್ಪ ಹೋದ ವರ್ಷ ತೀರಿಕೊಂಡ. ಎದೆನೋವೆಂದ, ಆಸ್ಪತ್ರೆ ಸೇರುವುದರೊಳಗೆ ಮುಗಿದುಹೋಯಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ನಮ್ಮ ಕಡೆ ಬಂಧುಬಳಗದವರು ರೊಟ್ಟಿ ಬುತ್ತಿ ಕಟ್ಟಿಕೊಂಡು ಬರುವುದು ಪದ್ಧತಿ. ಹಣಮಂತ ಕಾಕಾ ಹೆಂಡತಿಯ ಕೈಯಲ್ಲಿ ಮಾಡಿಸಿದ ರೊಟ್ಟಿಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ತಂದ. ಬುತ್ತಿ ಬಿಚ್ಚಿ ಅವ್ವನ ಮುಂದಿಟ್ಟು, ಒಂದು ತುತ್ತಾದರೂ ತಿನ್ನು ಎಂದು ಒತ್ತಾಯ ಮಾಡುತ್ತಾ ಕಣ್ಣೀರು ಹಾಕಿದ.

"ಅಣ್ಣಗ ರೊಟ್ಟಿ ಅಂದ್ರ ಜೀವ ಇತ್ತಕ್ಕ. ಟಿನ್ ಫ್ಯಾಕ್ಟರಿ ಹಂತ್ಯಾಕ ನಮ್ಮ ಕಡ್ಯಾರದೊಂದು ಖಾನಾವಳಿ ಅದಲ್ಲ, ಕೆಲಸ ಬಿಟ್ಟ ಮ್ಯಾಲ ನನ್ನ ಎಳಕೊಂಡು ಹೋಗ್ತಿದ್ದ. ಮನ್ಯಾಗ ಮಾಡ್ಸಬಾರ್ದೇನಣ್ಣ ಅಂತ ಕೇಳ್ದೆ ಒಂದ್ಸಲ. ಆಕಿಗೆ ಹೆಗಲು ನೋವು ಅದ, ಜಲ್ಮ ಎಲ್ಲ ಬಡದು ಬಡದು ಸಾಕಾಗ್ಯಾದ, ನಾ ಕೇಳಿದ್ರ ಇಲ್ಲ ಅನ್ನಂಗಿಲ್ಲ, ಅದಕ್ಕೇ ಕೇಳಂಗಿಲ್ಲ ಅಂದ."

ಅವ್ವ ಮುರಿದ ರೊಟ್ಟಿಯ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು. ಅಪ್ಪ ಸತ್ತ ದಿನದಿಂದ ಅವಳು ಅತ್ತಿರಲಿಲ್ಲ. ಬಂದವರೆಲ್ಲ ಅದನ್ನೇ ಮಾತಾಡಿಕೊಳ್ಳುತ್ತಿದ್ದರು.

"ಅಲ್ಲೀ ರೊಟ್ಟಿ," ಎಂದು ಕೇಳಿದಳು ಕಾಕಾನನ್ನು, "ಮೆತ್ತಗಿರ್ತಿದ್ದುವೇನು?"

"ಮೆತ್ತಗೇ ಇರ್ತಿದ್ದುವಕ್ಕ."

"ಬಿಸಿ ಇರ್ತಿದ್ದುವಾ?"

"ಬಿಸೀದೇ ಹಾಕ್ತಿದ್ರು."

"ಛಲೋ ಆತು ಬಿಡು," ಎಂದಳು ಅವ್ವ. ಹಾಗೆಂದು ತುಂಡನ್ನು ಬಟ್ಟೆಯ ಮೇಲಿಟ್ಟು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

ಇವತ್ತಿಗೂ ಸಂಜೆ ಅಡುಗೆಮನೆಗೆ ಹೋದರೆ ನನಗೆ ಸಂಕಟವಾಗುತ್ತದೆ. ನನ್ನ ಅಪ್ಪ ಅವ್ವ ಒಂದು ದಿನ ಚೆನ್ನಾಗಿ ಜಗಳವಾಡಬೇಕಿತ್ತು. ನಿನ್ನ ಒಲೆ ನನಗೆ ಬೇಡ ಎಂದು ಅವಳು ಕೂಗಬೇಕಿತ್ತು, ನನಗೆ ರೊಟ್ಟಿ ಬೇಕು ಎಂದು ಅವನು ತಟ್ಟೆ ತಳ್ಳಬೇಕಿತ್ತು. ಅಷ್ಟಾಗಿದ್ದರೆ ಮಾರನೇ ದಿನವೇ ಯಾವುದಾದರೂ ಅಗ್ಗದ ಒಲೆ ಬಂದು ಆ ಕಟ್ಟೆಯ ಮೇಲೆ ಕೂರುತ್ತಿತ್ತು, ಅಷ್ಟೂ ವರ್ಷದ ಸಂಜೆಗಳು ಅವರಿಗೆ ಉಳಿಯುತ್ತಿದ್ದವು. ಒಬ್ಬರ ಮನಸ್ಸನ್ನು ಒಬ್ಬರು ನೋಯಿಸಬಾರದೆಂದು ಅವನು ಖಾನಾವಳಿಯಲ್ಲಿ ತಿಂದು ಬಂದ, ಅವಳು ಅವನಿಗಾಗಿ ಅನ್ನ ಮಾಡಿಟ್ಟುಕೊಂಡು ಕಾದಳು.